ಪದವಿಯ ಮುಂದಿನ ಪದವಿ

ಕಳೆದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು, ತಮ್ಮ ಮಗ ಎಂ.ಎಸ್. ವ್ಯಾಸಂಗಕ್ಕೆ ಅಮೆರಿಕಕ್ಕೆ ಹೊರಟಿರುವುದಾಗಿ ತಿಳಿಸಿದರು. ಸಂತೋಷಪಟ್ಟು, "ಯಾವ ವಿಷಯ?" ಎಂದು ಕೇಳಿದೆ. "ಕಂಪ್ಯೂಟರ್ ಅಂತ ಇಟ್ಟುಕೊಳ್ಳಿ ಸಾರ್. ಹೋದ ಮೇಲೆ ಯಾವುದಕ್ಕೆ ಕೆಲಸ ಸಿಗುತ್ತದೋ ಅದು" ಎಂದರು. ಶಿಕ್ಷಣ ಸಾಲಕ್ಕಾಗಿ ಇದ್ದ ಒಂದು ಮನೆಯನ್ನೂ ಅಡವಿಟ್ಟ ಸಂಗತಿಯನ್ನು ಪಾಯಸ ಬಡಿಸುವ ಹೊತ್ತಿಗೆ ದನಿ ತಗ್ಗಿಸಿ ಹೇಳಿದರು.

ಆ ತಂದೆಯನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಊರಿನ ಜಮೀನು-ಮನೆಗಳನ್ನು ಹಿಂದೆ ಬಿಟ್ಟು ಬಂದ ಹೊರನಾಡ ಕನ್ನಡಿಗರ ಪಾಲಿಗೆ ಮಕ್ಕಳ ವಿದ್ಯೆಯೇ ಆಸ್ತಿ. ಆದರೆ ವಿದ್ಯುತ್, ಕಂಪ್ಯೂಟರ್ ಹಾಗೂ ತಂತ್ರಾಂಶ ಇಂಜಿನಿಯರಿಂಗ್‌ನ ಸ್ನಾತಕೋತ್ತರ ವ್ಯಾಸಂಗವು ವಿದ್ಯೆಯ ಮುಂದುವರಿಕೆಯಾಗಿ ಉಳಿಯದೆ ವೀಸಾಕ್ಕೆ ತೆರುವ ಬೆಲೆಯಾಗಿ ಮಾರ್ಪಡುತ್ತಿದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಕಾಲ ಬಂದಿದೆ.

ಈ ವಿದ್ಯೆಯ ಪರಂಪರೆ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮೈಸೂರು ಸಂಸ್ಥಾನವಿತ್ತ ನೆಲದಲ್ಲಿ ತಲೆಯೆತ್ತಿದ ಭಾರತೀಯ ವಿಜ್ಞಾನ ಸಂಸ್ಥೆಯು 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ, ವಿದ್ಯುತ್ ತಂತ್ರಜ್ಞಾನವು ಅಲ್ಲಿನ ಆರಂಭದ ವಿಭಾಗಗಳಲ್ಲೊಂದಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿಯವರು ಇದೇ ಸಂಸ್ಥೆಯಲ್ಲಿ ಸಂಶೋಧನೆಗೆ ತೊಡಗಿ, ಸರಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1953ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಮರಳಿ, ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರಗಳಲ್ಲಿ ಶಿಷ್ಯಪರಂಪರೆಯೊಂದನ್ನೇ ಬೆಳೆಸಿದರು. ಅವರೂ ಕಡಲು ದಾಟಿದವರೇ. ಆದರೆ ಏನನ್ನು ಕಲಿಯಬೇಕೆಂಬುದನ್ನು ಅರಿತು ದಾಟಿದವರು.

ಕಂಪ್ಯೂಟರ್ ವ್ಯಾಸಂಗದ ಕಥೆಯೂ ಇದಕ್ಕೆ ಹೊರತಲ್ಲ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂದ ಮೇಲೆ, 1965ರಲ್ಲಿ ಪ್ರೊ. ವಿ. ರಾಜಾರಾಮನ್ ಅವರು ವಿದ್ಯುತ್ ವಿಭಾಗದ ಎಂ.ಟೆಕ್. ಒಳಗೇ ಕಂಪ್ಯೂಟರ್ ವಿಜ್ಞಾನದ ಪಾಠ ಆರಂಭಿಸಿದರು. ಅಂದು ಆ ತರಗತಿಗೆ ಸೇರಿದವರಿಗೆ ಕಾದಿದ್ದ ತಂತ್ರಾಂಶ ಉದ್ಯಮವೇ ಇರಲಿಲ್ಲ, ಕುತೂಹಲವೊಂದೇ ಬಂಡವಾಳ.

ಇಂದಿನ ತರುಣರನ್ನಷ್ಟೇ ದೂರುವುದು ನ್ಯಾಯವಲ್ಲ. ಗೇಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎಂ.ಟೆಕ್. ಸೇರಿದವರಿಗೆ ದೊರೆಯುವ ವೇತನ ಹಲವು ವರ್ಷಗಳಿಂದ ತಿಂಗಳಿಗೆ 12,400 ರೂಪಾಯಿಗಳಲ್ಲೇ ನಿಂತಿದೆ. ಡಾಕ್ಟರೇಟ್ ಸಂಶೋಧಕರ ವೇತನವನ್ನು 2023ರಲ್ಲಿ 37,000 ರೂಪಾಯಿಗಳಿಗೆ ಏರಿಸಿದ ಸರಕಾರ, ಅದಕ್ಕೆ ಮೆಟ್ಟಿಲಾದ ಎಂ.ಟೆಕ್. ಅನ್ನು ಮರೆತಂತಿದೆ. ಕೇಂದ್ರ ಸರಕಾರದ ಸೇವೆಯಲ್ಲೇ ತಲೆ ನರೆಸಿಕೊಂಡ ನನಗೆ ಈ ಮಾತು ಬರೆಯಲು ಸಂಕೋಚವಾದರೂ ಬರೆಯದಿರಲಾರೆ. ಮನೆಗೆ ಹಣ ಕಳುಹಿಸಬೇಕಾದ ಹುಡುಗಿ ಈ ವೇತನ ನೆಚ್ಚಿ ಮಹಾನಗರದಲ್ಲಿ ಎರಡು ವರ್ಷ ಓದಬೇಕೆಂದು ನಾವು ಉಪದೇಶಿಸುವುದು ಹೇಗೆ? ಅನೇಕ ಕಾಲೇಜುಗಳಲ್ಲಿ ಸ್ನಾತಕೋತ್ತರ ಸೀಟುಗಳು ಖಾಲಿ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ಇಂದು ಸೀಟು ಖಾಲಿಯಾದರೆ, ನಾಳೆ ನಮ್ಮ ಮೊಮ್ಮಕ್ಕಳಿಗೆ ಪಾಠ ಹೇಳುವ ಅಧ್ಯಾಪಕರ ಕುರ್ಚಿಯೂ ಖಾಲಿ.

ಸರಕಾರ ಮಾಡಬೇಕಾದುದನ್ನು ಸಂಘ ಮಾಡಲಾಗದು, ನಿಜ. ಆದರೂ ನಮ್ಮಿಂದ ಆಗುವುದು ಅಲ್ಪವಲ್ಲ. ಹತ್ತು, ಹನ್ನೆರಡನೆಯ ತರಗತಿಗಳ ಅಂಕಗಳಿಗೆ ಪ್ರತಿವರ್ಷ ನೀಡುವ ಪ್ರತಿಭಾ ಪುರಸ್ಕಾರದ ನಿಧಿಯಲ್ಲಿ ಒಂದು ಪಾಲನ್ನು ದೇಶದಲ್ಲೇ ಎಂ.ಟೆಕ್. ಮಾಡುವ ಒಬ್ಬಿಬ್ಬರ ಬಾಡಿಗೆಗೆ ಮೀಸಲಿಡಬಹುದು. ನಮ್ಮ ನಡುವಿನ ನಿವೃತ್ತ ಇಂಜಿನಿಯರುಗಳೂ ಪ್ರಾಧ್ಯಾಪಕರೂ ಭಾನುವಾರದ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ಕುಳಿತು ಗೇಟ್ ಪರೀಕ್ಷೆಗೆ ಮಾರ್ಗದರ್ಶನ ನೀಡಬಹುದು. ವಿದೇಶಕ್ಕೆ ಹೊರಟವರಿಗೂ ಅಲ್ಲಿ ಕಲಿಸುವವರು ಯಾರು, ಪಠ್ಯಕ್ರಮವೇನು, ಸಾಲದ ಬಡ್ಡಿಯೆಷ್ಟು ಎಂಬುದನ್ನು ವಿಚಾರಿಸಿ ನೋಡಲು ನೆರವಾಗಬಹುದು. ಈ ಸಲಹೆಗಳನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ಮುಂದಿಡಲಿದ್ದೇವೆ. ಓದುಗರು ತಮ್ಮ ಅಭಿಪ್ರಾಯ ಬರೆದು ತಿಳಿಸಬೇಕು.

ಅಷ್ಟರೊಳಗೆ, ಮಗನೋ ಮಗಳೋ ಮುಂದೆ ಓದುವೆನೆಂದಾಗ "ಯಾವ ದೇಶ?" ಎನ್ನುವ ಮೊದಲು "ಯಾವ ವಿಷಯ?" ಎಂದು ಕೇಳೋಣ.