ಸೌದೆಗೂ ಬಿಲ್ಲು ಉಂಟು

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗಿನಿಂದ ನಮ್ಮನೆ ಕರೆಂಟ್ ಬಿಲ್ಲು ಸೊನ್ನೆ. "ಇನ್ನೇನು ಉಳಿಸೋದು?" ಅಂತಾರೆ ಅಪ್ಪ. ಆದರೆ ಸ್ನಾನದ ನೀರು ಕಾಯೋದು ಸೌದೆಯಲ್ಲಿ. ಆ ಬಿಲ್ಲು ಕಟ್ಟುವವಳು ಅಮ್ಮ. ವಾರಕ್ಕೆರಡು ಸಲ ತಲೆಹೊರೆ, ದಿನಾ ಬೆಳಿಗ್ಗೆ ಹೊಗೆ, ಕಣ್ಣೀರು.

ವಿಜ್ಞಾನ ಪಾಠದ ಲೆಕ್ಕ ಹಾಕಿ ನೋಡಿದೆ. 20 ಲೀಟರ್ ನೀರನ್ನು 20 ಡಿಗ್ರಿ ಬಿಸಿಮಾಡಲು 400 ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 4000 ಇದೆ. ಅಂದರೆ ಶಾಖವೆಲ್ಲಾ ನೀರಿಗೇ ಸೇರಿದರೆ 100 ಗ್ರಾಂ ಸೌದೆ ಸಾಕು! ನಾವು ಅದರ ಎಷ್ಟೋ ಪಟ್ಟು ಸುಡ್ತೀವಿ. ಮೂರು ಕಲ್ಲಿನ ಒಲೆ, ಮುಚ್ಚಳವಿಲ್ಲದ ಹಂಡೆ. ಉಳಿದ ಶಾಖವೆಲ್ಲಾ ಗಾಳಿಪಾಲು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿಗಳಿಗಾಗಿಯೇ ಅಸ್ತ್ರ ಒಲೆ ರೂಪಿಸಿದರು. ಅದರಲ್ಲಿ ಉರಿ ಮುಚ್ಚಿದ ಗೂಡಿನೊಳಗೆ ಇರುತ್ತದೆ. ಕೆಳಗಿನ ಜಾಲರಿಯಿಂದ ಗಾಳಿ ಬಂದು ಸೌದೆ ಚೆನ್ನಾಗಿ ಉರಿಯುತ್ತದೆ. ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ.

ಹೊಸ ಒಲೆಗೆ ದುಡ್ಡಿಲ್ಲ ಅಂತೀರಾ? ಸರಿ. ಇವತ್ತೇ ಹಂಡೆಗೆ ಮುಚ್ಚಳ ಹಾಕಿ. ಸೌದೆ ಸಣ್ಣಗೆ ಸೀಳಿ, ಒಣಗಿಸಿ. ಗಾಳಿಗೆ ದಾರಿ ಬಿಟ್ಟು ಒಲೆ ಸುತ್ತ ಮಣ್ಣು ಕಟ್ಟಿ. ಇದಕ್ಕೆ ಬೇಕಾದ್ದು ಒಂದು ಭಾನುವಾರ, ಅಷ್ಟೇ. ಹುಡುಗರೇ, ನಂಬಿಕೆ ಬರದಿದ್ದರೆ ಅಮ್ಮನ ಹೊರೆ ಒಂದು ಸಲ ಹೊತ್ತು ನೋಡಿ.

ಗುರುಗಳೇ, ಶಾಲೆಯ ಹಿಂದೆ ಒಂದು ಅಸ್ತ್ರ ಒಲೆ ಕಟ್ಟಿ ಊರಿಗೆ ತೋರಿಸೋಣವೇ? ಮಣ್ಣು ಕಲಸೋಕೆ ನಾವು ಸಿದ್ಧ.

— 10ನೇ ತರಗತಿಯ ವಿದ್ಯಾರ್ಥಿನಿ