ನೆಟ್‌ವರ್ಕ್ ಇಲ್ಲದ ಎರಡು ದಿನ

"ವೈಫೈ ಇಲ್ವಾ? ಮತ್ತೆ ಎರಡು ದಿನ ಅಲ್ಲಿ ಏನ್ರೀ ಮಾಡ್ತೀರಾ?"

ಒಲಿಂಪಿಕ್ ನ್ಯಾಷನಲ್ ಪಾರ್ಕ್ ಪಕ್ಕ ಕ್ಯಾಬಿನ್ ಬುಕ್ ಮಾಡಿದೀನಿ ಅಂದಾಗಲೆಲ್ಲ ಸಿಯಾಟಲ್‌ನ ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದೇ. ನಮ್ಮವರ ಕ್ಯಾಬಿನ್ ಟ್ರಿಪ್ ಅಂದ್ರೆ ಗೊತ್ತಲ್ಲ, ನಾಲ್ಕು ಸಂಸಾರ, ಎರಡು ಕುಕ್ಕರ್, ಒಂದು ಬ್ಲೂಟೂತ್ ಸ್ಪೀಕರ್, ರಾತ್ರಿ ಎರಡರವರೆಗೆ ಅಂತ್ಯಾಕ್ಷರಿ. ತಪ್ಪು ಅಂತಲ್ಲ, ನಾನೂ ಹಾಡಿದವನೇ. ಆದರೆ ಅದಕ್ಕೆ ಕಾಡಿನವರೆಗೆ ಯಾಕೆ ಹೋಗಬೇಕು, ಬೆಲ್‌ವ್ಯೂನ ಅಪಾರ್ಟ್‌ಮೆಂಟೇ ಸಾಕಲ್ವೇ?

ನಾನು ಹೋಗೋದು ಹೋ ಮಳೆಕಾಡಿಗೆ. ಹೆಸರೇ 'ಹೋ', ನಗಬೇಡಿ, ಅಲ್ಲಿ ಹರಿಯುವ ನದಿಯ ಹೆಸರು ಅದು. ಫೋರ್ಕ್ಸ್ ಊರು ದಾಟಿದ ಸ್ವಲ್ಪ ಹೊತ್ತಿಗೆ ಫೋನಿನ ಕಡ್ಡಿಗಳು ಒಂದೊಂದಾಗಿ ಮಾಯ. ವರ್ಷಕ್ಕೆ ಸುಮಾರು 140 ಇಂಚು ಮಳೆ. ನಮ್ಮ ಆಗುಂಬೆಯಲ್ಲಿ ಅದರ ದುಪ್ಪಟ್ಟು ಸುರಿಯುತ್ತೆ ಬಿಡಿ, ಆದರೂ ಸಾಗರದಲ್ಲಿ ಬೆಳೆದವನಿಗೆ ಆ ಹಸಿ ಮಣ್ಣಿನ ವಾಸನೆ ಸಾಕು. ಸ್ಪ್ರೂಸ್, ಹೆಮ್ಲಾಕ್ ಮರಗಳು ಆಕಾಶಕ್ಕೆ ನಿಂತಿವೆ, ಮೇಪಲ್ ಕೊಂಬೆಗಳಿಂದ ಪಾಚಿ ಜಡೆಯ ಹಾಗೆ ಇಳಿಬಿದ್ದಿದೆ. ಹೆಜ್ಜೆ ಇಟ್ಟರೆ ಆ ಸದ್ದನ್ನೂ ಪಾಚಿಯೇ ನುಂಗಿಬಿಡುತ್ತೆ.

2005ರಲ್ಲಿ ಗಾರ್ಡನ್ ಹೆಂಪ್ಟನ್ ಎಂಬ ಧ್ವನಿಮುದ್ರಕ ಇದೇ ಕಾಡಿನಲ್ಲಿ, ವಿಸಿಟರ್ ಸೆಂಟರಿನಿಂದ ಸುಮಾರು ಮೂರು ಮೈಲಿ ಒಳಗೆ, ಪಾಚಿ ಕಟ್ಟಿದ ದಿಮ್ಮಿಯ ಮೇಲೆ ಒಂದು ಪುಟ್ಟ ಕೆಂಪು ಕಲ್ಲಿಟ್ಟು 'ಒಂದು ಚದರ ಇಂಚು ಮೌನ' ಅಂತ ಹೆಸರಿಟ್ಟರು. ಲೆಕ್ಕ ಸರಳ: ಅಷ್ಟು ಜಾಗದಲ್ಲಿ ಮನುಷ್ಯನ ಗದ್ದಲ ಕೇಳಿಸಬಾರದು ಅಂದ್ರೆ ಸುತ್ತಲಿನ ಎಷ್ಟೋ ಮೈಲಿ ಸುಮ್ಮನಿರಬೇಕು. ಪ್ರೋಗ್ರಾಮರ್ ಆಗಿ ನನಗೆ ಈ ಐಡಿಯಾ ತುಂಬಾ ಇಷ್ಟ. ಆದರೆ ವಿಡ್ಬೀ ದ್ವೀಪದ ನೌಕಾನೆಲೆಯ ಗ್ರೌಲರ್ ಜೆಟ್‌ಗಳು ಇಂಚು ಪಂಚು ನೋಡಲ್ಲ, ಮೇಲೆ ಗುಡುಗಿಕೊಂಡು ಹೋಗ್ತವೆ.

ಇನ್ನು ನನ್ನ ತಲೆಯೊಳಗಿನ ಗ್ರೌಲರ್ ವಿಷಯ.

2023ರ ಅಕ್ಟೋಬರ್‌ನಲ್ಲಿ ಇಲ್ಲಿಂದ ವಾಪಸ್ ಬರುವಾಗ, ಭಾನುವಾರ ಮಧ್ಯಾಹ್ನ, ಫೋರ್ಕ್ಸ್ ಪೆಟ್ರೋಲ್ ಬಂಕಿನಲ್ಲಿ ಫೋನ್ ಜೀವ ಪಡೀತು. ವಾಟ್ಸಾಪ್‌ನಲ್ಲಿ 17 ಮಿಸ್ಡ್ ಕಾಲ್. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ನಾನು ಫೋನ್ ಮಾಡಿದಾಗ ಅಲ್ಲಿ ಮಧ್ಯರಾತ್ರಿ. ಪಕ್ಕದ ಮನೆಯವರು ಕಾರಿನಲ್ಲಿ ಕರ್ಕೊಂಡು ಹೋಗಿ, ಪ್ಲಾಸ್ಟರ್ ಹಾಕಿಸಿ, ಮನೆಗೆ ಬಿಟ್ಟು, ಸಾರು ಅನ್ನವನ್ನೂ ಕೊಟ್ಟು ಹೋಗಿದ್ದರು. ಅಪ್ಪ ಅಂದರು, "ಈಗ ಮಲಗಿದಾಳೆ, ನಾಳೆ ಮಾಡು." ಬೈಯಲೂ ಇಲ್ಲ. ಅದೇ ಕಷ್ಟ ಆಗಿದ್ದು.

ಆಮೇಲೆ ಒಂದೂವರೆ ವರ್ಷ ಸಿಗ್ನಲ್ ಇಲ್ಲದ ಕಡೆ ಹೋಗಲಿಲ್ಲ. ದಿಂಬಿನ ಪಕ್ಕ ಫೋನು, ರಿಂಗರ್ ಫುಲ್. ಪರದೇಶದಲ್ಲಿರೋ ನಮ್ಮಂಥ ಎಷ್ಟೋ ಜನ ಹೀಗೇ ಮಲಗ್ತೀವಿ, ಅಲ್ವಾ? ಆದರೆ ಯೋಚಿಸಿ ನೋಡಿ. ಅವತ್ತು ಮೊದಲ ರಿಂಗಿಗೇ ನಾನು ಎತ್ತಿದ್ದರೂ ಏನು ಮಾಡ್ತಿದ್ದೆ? ಅದೇ ಪಕ್ಕದ ಮನೆಯವರಿಗೆ ಫೋನ್ ಮಾಡ್ತಿದ್ದೆ! ಫೋನ್ ಎತ್ತೋದನ್ನೇ ನಾವು ಮಗನ ಕರ್ತವ್ಯ ಅಂದುಕೊಂಡುಬಿಟ್ಟಿದ್ದೀವಿ ಅಂತ ನನಗನ್ನಿಸುತ್ತೆ. ಅಪ್ಪನಿಗೆ ಬೇಕಿದ್ದದ್ದು ಧೈರ್ಯದ ಎರಡು ಮಾತು, ನಿಜ. ಅದನ್ನು ಕೊಡಲಾಗಲಿಲ್ಲ ಅನ್ನೋ ನೋವು ಹೋಗಿಲ್ಲ, ಅದಕ್ಕೆ ವಾದ ಹೂಡಲ್ಲ. ಆದರೆ ಆ ನೋವಿಗೆ ಹೆದರಿ ಜೀವನವಿಡೀ ಆನ್‌ಲೈನ್ ಇರೋದು ಪ್ರೀತಿ ಅಲ್ಲ, ಆನ್-ಕಾಲ್ ಡ್ಯೂಟಿ. ಆಫೀಸಿನಲ್ಲಿ ಅದನ್ನು ಮಾಡಿ ಗೊತ್ತು, ಪೇಜರ್ ಹಿಡಿದವನು ಯಾರ ಮಾತನ್ನೂ ನೆಟ್ಟಗೆ ಕೇಳಿಸಿಕೊಳ್ಳಲ್ಲ. ಆ ಒಂದೂವರೆ ವರ್ಷ ಅಮ್ಮ ಹೇಳಿದ್ದರಲ್ಲಿ ಅರ್ಧ ನನ್ನ ತಲೆಗೆ ಹೋಗಲೇ ಇಲ್ಲ.

ಈ ಸಲ ಹೊರಡುವ ಮೊದಲು ಕ್ಯಾಬಿನ್ ಮಾಲೀಕರ ಲ್ಯಾಂಡ್‌ಲೈನ್ ನಂಬರ್ ಕೇಳಿ ತಗೊಂಡು ಪಕ್ಕದ ಮನೆಯವರಿಗೂ ಅಪ್ಪನಿಗೂ ಕಳಿಸಿದೆ. ಅಪ್ಪ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡರಂತೆ.

ವಾಪಸ್ ಬಂದು ಫೋನ್ ಮಾಡಿದಾಗ ಅಮ್ಮ ಕೇಳಿದಳು, "ಏನ್ ಕೇಳಿಸ್ತೋ ಅಲ್ಲಿ?" ಹೊಳೆ, ತೊಟ್ಟಿಕ್ಕೋ ನೀರು, ಒಂದು ಸಲ ಎಲ್ಕ್ ಕೂಗಿದ್ದು ಅಂದೆ. "ಎಲ್ಕ್ ಅಂದ್ರೆ?" ನಮ್ಮ ಕಡವೆ ಥರ, ಇನ್ನೂ ದೊಡ್ಡದು ಅಂದೆ. ಹೇಗೆ ಕೂಗುತ್ತೆ, ಕೂಗಿ ತೋರಿಸು ಅಂದಳು. ಸಿಯಾಟಲ್ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತು ಗಂಟೆಗೆ ಕೂಗಿದೆ.