ಎರಡು ಎಂಜಿನಿನ ಪಲ್ಲಕ್ಕಿ

ಅಂಬಾರಿ ಪಲ್ಲಕ್ಕಿಗಳ ಕಾಲ ಮುಗಿಯಿತೆಂದು ನಂಬಿದವರಿಗೆ ಲಿಯರ್‌ಜೆಟ್ ಎಂಬ ವಿಮಾನದ ಕಥೆಯನ್ನು ಹೇಳಬೇಕಾಗಿದೆ. ವ್ಯಾಪಾರದ ದೊಡ್ಡ ಧಣಿಗಳ ಖಾಸಗಿ ಸವಾರಿಗೆಂದು ಅಮೆರಿಕದ ಬಿಲ್ ಲಿಯರ್ ಮಾಡಿಸಿದ ಈ ಜೋಡಿ ಎಂಜಿನಿನ ಜೆಟ್, 1963ರ ಅಕ್ಟೋಬರ್ 7ರಂದು ಕ್ಯಾನ್ಸಾಸ್ ಸಂಸ್ಥಾನದ ವಿಚಿಟಾ ನಗರದಲ್ಲಿ ಮೊದಲು ಹಾರಿತು.

ಯಂತ್ರ ಚೆನ್ನಾಗಿದೆ, ಅಲ್ಲಗಳೆಯುವವರು ನಾವಲ್ಲ. ಗಿರಣಿಯಲ್ಲಿ ದುಡಿಯುವವನಿಗೆ ಒಳ್ಳೆಯ ಯಂತ್ರದ ಬೆಲೆ ಗೊತ್ತು. ಎಂಜಿನುಗಳನ್ನು ರೆಕ್ಕೆಗೆ ಕಟ್ಟದೆ ಬಾಲದ ಬಳಿ ಒಡಲಿನ ಎರಡು ಮಗ್ಗುಲಿಗೆ ಕೂಡಿಸಿದ್ದಾರೆ. ಇದರಿಂದ ರೆಕ್ಕೆ ನುಣುಪಾಗಿ ಉಳಿಯಿತು, ಸದ್ದು ಹಿಂದಕ್ಕೆ ಸರಿಯಿತು, ಚಕ್ರದ ಕಾಲುಗಳು ಗಿಡ್ಡವಾದವು. ಎರಡೂ ಎಂಜಿನುಗಳು ನಡುವಿಗೆ ಹತ್ತಿರವಿರುವುದರಿಂದ, ಒಂದು ನಿಂತರೂ ವಿಮಾನ ಒಂದು ಕಡೆಗೆ ಹೆಚ್ಚು ಎಳೆಯದೆ ಇನ್ನೊಂದರ ಬಲದಿಂದ ಮುಂದುವರಿಯಬಲ್ಲದು. ಒಳಗೆ ಮಾತ್ರ ನೆಟ್ಟಗೆ ನಿಲ್ಲುವಷ್ಟು ಎತ್ತರವಿರಲಿಲ್ಲ. ಕೋಟ್ಯಧೀಶನೂ ಬಗ್ಗಿಯೇ ನಡೆಯಬೇಕು! ಈ ಒಂದು ಗುಣವನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ಈ ಜಾಣ್ಮೆಗೆ ಹಣ ತೆತ್ತವರಾರು? ರೆಕ್ಕೆಯ ಮೂಲ ಸ್ವಿಟ್ಜರ್ಲೆಂಡಿನ ವಾಯುಪಡೆಗೆಂದು ರೂಪಿಸಿದ ಪಿ-16 ಯುದ್ಧವಿಮಾನ. ಅದರ ಎರಡು ವಿಮಾನಗಳು ಕಾನ್‌ಸ್ಟನ್ಸ್ ಸರೋವರಕ್ಕೆ ಬಿದ್ದ ಮೇಲೆ, 1958ರಲ್ಲಿ, ನೂರು ವಿಮಾನಗಳ ಬೇಡಿಕೆಯನ್ನು ಅಲ್ಲಿನ ಸರ್ಕಾರ ಕೈಬಿಟ್ಟಿತು. ಎಂಜಿನೋ, ಅಮೆರಿಕದ ಸೇನೆಗಾಗಿ ಬೆಳೆಸಿದ ಜೆ-85ರ ನಾಗರಿಕ ರೂಪ. ಪ್ರಯೋಗದ ಖರ್ಚಿನ, ಸೋಲಿನ ನಷ್ಟದ ದೊಡ್ಡ ಪಾಲು ತೆರಿಗೆ ಕೊಟ್ಟವರದು, ಫಲ ಕಂಪನಿಯದು.

ಇಷ್ಟಕ್ಕೇ ಮುಗಿಯಲಿಲ್ಲ. ವ್ಯಾಪಾರಕ್ಕೆಂದು ಕೊಂಡ ವಿಮಾನದ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಆದಾಯದಿಂದ ಕಳೆಯಲು ಅಮೆರಿಕದ 2017ರ ತೆರಿಗೆ ಕಾಯಿದೆ ಅವಕಾಶ ಕೊಟ್ಟಿತು. 2023ರಿಂದ ಇಳಿಯತೊಡಗಿದ್ದ ಆ ರಿಯಾಯಿತಿಯನ್ನು 2025ರಲ್ಲಿ ಮರಳಿ ಪೂರ್ತಿಯಾಗಿ ದಯಪಾಲಿಸಿದ್ದಾರೆ. ತಕ್ಕಡಿಯ ಸವಕಳಿಯನ್ನು ವರ್ಷವರ್ಷಕ್ಕೆ ಇಷ್ಟಿಷ್ಟೇ ಎಂದು ಲೆಕ್ಕ ಬರೆಯುವ ನಮ್ಮ ಅಂಗಡಿಯವರು ಇದನ್ನು ಗಮನಿಸಬೇಕು.

ಕಟ್ಟಿದವರ ಗತಿ? 2021ರ ಫೆಬ್ರವರಿಯಲ್ಲಿ ಒಡೆಯ ಬೊಂಬಾರ್ಡಿಯರ್ ಕಂಪನಿಯು ಲಿಯರ್‌ಜೆಟ್ ತಯಾರಿಕೆ ನಿಲ್ಲಿಸುವುದಾಗಿಯೂ, ಎಲ್ಲ ಕಡೆ ಸೇರಿ ಸುಮಾರು 1,600 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿಯೂ ಒಟ್ಟಿಗೇ ಸಾರಿತು. ಹೆಚ್ಚು ಲಾಭದ ದೊಡ್ಡ ಜೆಟ್ಟುಗಳತ್ತ ಅದರ ಕಣ್ಣು ಹೊರಳಿತ್ತು. ಕೊನೆಯ ಲಿಯರ್‌ಜೆಟ್ 2022ರ ಮಾರ್ಚಿನಲ್ಲಿ ಗಿರಾಕಿಯ ಕೈ ಸೇರಿತು. ವಿಮಾನಕ್ಕೆ ಎರಡನೆಯ ಎಂಜಿನು ಇತ್ತು; ಆ ಕಾರ್ಮಿಕರ ಮನೆಗೆ ಏನಿತ್ತು?

ಇದೇ ಬಗೆಯ ಜೋಡಿ ಎಂಜಿನಿನ ಫಾಲ್ಕನ್ 2000 ಜೆಟ್ಟನ್ನು ನಾಗಪುರದಲ್ಲಿ ಕಟ್ಟುವುದಾಗಿ ದಸ್ಸೋ ಹಾಗೂ ರಿಲಯನ್ಸ್ ಕಂಪನಿಗಳು 2025ರ ಜೂನ್‌ನಲ್ಲಿ ಪ್ರಕಟಿಸಿವೆ. ಕಾರ್ಮಿಕ ಸಂಘದೊಡನೆ ಮಾತುಕತೆಯಿಲ್ಲದೆ ಯಾರನ್ನೂ ಕೆಲಸದಿಂದ ತೆಗೆಯತಕ್ಕದ್ದಲ್ಲವೆಂಬ ಕರಾರನ್ನು, ಮೊದಲ ವಿಮಾನ ಹಾರುವ ಮುನ್ನವೇ ಬರೆಸಿಕೊಳ್ಳಬೇಕೆಂದು ನಾವು ಒತ್ತಾಯಿಸುತ್ತೇವೆ.